ಕೆಳಮಂಚ

ಶೆರಿಫ್ ಹಾಲಿಸ್ ಮೇಬ್ರಿಯನ್ನು ಅದೇ ಜೈಲಿನ ನೆಲದ ಮೇಲೆ ಮಲಗಿಸುತ್ತೇನೆ ಎಂದು ಲೆಲ್ಯಾಂಡ್ ಪ್ರೂವೆಟ್ ತಾಯಿಗೆ ಮಾತು ಕೊಟ್ಟಾಗ ಅವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಣ್ಣ ರಾಯ್ಸ್‌ನನ್ನು ಮಣ್ಣು ಮಾಡಿ ಬಂದ ಸಂಜೆ. ನೆರೆಯವರು ಸಾವಿನ ಮನೆಗೆಂದು ಅಡುಗೆ ತುಂಬಿ ತಂದಿಟ್ಟಿದ್ದ ಗಾಜಿನ ಪಾತ್ರೆಗಳನ್ನು ತಾಯಿ ತೊಳೆಯುತ್ತಿದ್ದಳು. ಮಾತು ಕೇಳಿ ಅವಳು ಅಳಲಿಲ್ಲ, ಬೇಡವೆನ್ನಲಿಲ್ಲ. "ಇನ್ನೊಂದ್ಸಲ ಹೇಳು" ಎಂದಳು. ಅವನು ಇನ್ನೊಂದು ಸಲ ಹೇಳಿದ.

ಈಗ ಅವನ ತಲೆ ಅರ್ಧ ನರೆತಿದೆ. ಡಾಕ್ಟರಾಗಿದ್ದಾನೆ, ವಾರಕ್ಕೊಮ್ಮೆ ಕೌಂಟಿ ಜೈಲಿನ ಕೈದಿಗಳನ್ನೂ ನೋಡುತ್ತಾನೆ. ಹೆಂಡತಿ ಬಿಟ್ಟು ಹೋಗಿದ್ದಾಳೆ, ಆ ಜಾಗಕ್ಕೆ ತಾಯಿ ಬಂದು ಸೇರಿದ್ದಾಳೆ. ಆ ಮಾತನ್ನು ಇಬ್ಬರೂ ಆಮೇಲೆ ಒಮ್ಮೆಯೂ ಎತ್ತಿಲ್ಲ. ಎತ್ತದೆ ಇದ್ದದ್ದರಿಂದಲೇ ಅದು ಮನೆಯಲ್ಲಿ ಮೂರನೆಯವರ ಹಾಗೆ ಊಟಕ್ಕೆ ಕೂರುತ್ತಿತ್ತು.

"ತಂದು ಹಾಕಿದ್ರು ಅವನನ್ನ" ಎಂದಳು ತಾಯಿ, ಬೆಳಿಗ್ಗೆ, ಬನ್ನಿನಂಥ ಬಿಸಿ ಬಿಸ್ಕತ್ತಿನ ಮೇಲೆ ಗ್ರೇವಿ ಸುರಿಯುತ್ತ.

"ಯಾರನ್ನ?"

"ಯಾರನ್ನ ಅಂತ ನಿಂಗೆ ಗೊತ್ತು."

ಮೇಜಿನ ಮೇಲೆ ಅವಳ ರೇಡಿಯೊ ಗೊರಗುಟ್ಟುತ್ತಿತ್ತು. ಟಾರ್ಬೆಲ್ ಕೌಂಟಿಯ ಮುದುಕಿಯರೆಲ್ಲ ಇಟ್ಟುಕೊಂಡಿರುವಂಥದು. ಪೊಲೀಸರು ಕಾರಿನಿಂದ ಕಾರಿಗೆ ಆಡುವ ಮಾತು ಅದರಲ್ಲಿ ಕೇಳುತ್ತದೆ. ಯಾರ ಹಸು ರಸ್ತೆಗೆ ಬಂತು, ಯಾರ ಮನೆಗೆ ಆಂಬುಲೆನ್ಸ್ ಹೋಯಿತು, ಯಾರ ಗಂಡ ಬಾಗಿಲು ಒಡೆದ. ಚರ್ಚಿನಲ್ಲಿ ತೂಕಡಿಸುವವರೂ ಇದನ್ನು ಕಿವಿ ನಿಮಿರಿಸಿ ಕೇಳುತ್ತಾರೆ.

"ಮಗಳಿಗೆ ಹೊಡೆದನಂತೆ, ಟಾರ್ಚು ತಗೊಂಡು. ಯಾರೋ ಕಳ್ಳಿ ಅಂದ್ಕೊಂಡನಂತೆ. ಬುದ್ಧಿ ಹೋಗಿದೆಯಲ್ಲ ಮುದುಕನಿಗೆ. ಮನೇಲಿ ಹೊಡೆದಾಟ ಆದ್ರೆ ಹಿಡ್ಕೊಂಡು ಹೋಗ್ಲೇಬೇಕು, ಕಾನೂನು. ಶೆರಿಫ್ ಆಗಿದ್ದಾಗ ಆ ಕಾನೂನಿಗೆ ಅವನೇ ಚಪ್ಪಾಳೆ ಹೊಡೆದಿದ್ದ."

"ಮುದುಕರ ಆಸ್ಪತ್ರೆಗೆ ಕಳಿಸ್ತಾರೆ ಬಿಡು."

"ಜಾಗ ಇಲ್ಲವಂತೆ." ತಾಯಿಯ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. "ಎಲ್ಲೂ ಜಾಗ ಇಲ್ಲವಂತೆ. ತಿನ್ನು, ಆರುತ್ತೆ. ಇವತ್ತು ಗುರುವಾರ. ನಿನ್ನ ಜೈಲಿನ ದಿನ."

ರಾಯ್ಸ್ ಮಾಡಿದ್ದು ಇಷ್ಟೇ. ಕುಡಿದು, ದನದ ಮೇವಿನ ಅಂಗಡಿಯ ಬಾಗಿಲು ಮುರಿದು, ಒಳಗೆ ಮೂಟೆಗಳ ಮೇಲೆ ನಿದ್ದೆ ಹೋಗಿದ್ದ. ಜೈಲಿನಲ್ಲಿ ಅವನಿಗೆ ಸಿಕ್ಕಿದ್ದು ಕಕ್ಕಸಿನ ಪಕ್ಕದ ನೆಲ. ಎದೆ ಬಿಗಿಯುತ್ತಿದೆ, ಉಸಿರು ಬರುತ್ತಿಲ್ಲ, ಮಂಚ ಕೊಡಿ, ಡಾಕ್ಟರನ್ನು ಕರೆಸಿ ಎಂದು ಕೇಳುತ್ತಲೇ ಇದ್ದನಂತೆ. ಜೊತೆಯಲ್ಲಿದ್ದವರು ಆಮೇಲೆ ಹೇಳಿದರು. ಅವನನ್ನು ದಾಟಿಕೊಂಡೇ ಎಲ್ಲರೂ ಉಚ್ಚೆಗೆ ಹೋಗುತ್ತಿದ್ದರು. ಸತ್ತ ಮೇಲೂ ಸ್ವಲ್ಪ ಹೊತ್ತು ದಾಟಿಕೊಂಡೇ ಹೋದರು. ಕೌಂಟಿಯ ಪೊಲೀಸು, ಜೈಲು ಎರಡನ್ನೂ ನಡೆಸುತ್ತಿದ್ದ ಶೆರಿಫ್ ಮೇಬ್ರಿ ತಾನೇ ಮನೆಗೆ ಬಂದಿದ್ದ. ಟೋಪಿ ತೆಗೆದು ಎದೆಗೆ ಒತ್ತಿಕೊಂಡು, "ಜಾಗ ಇರಲಿಲ್ಲಮ್ಮ" ಎಂದಿದ್ದ.

ಒಳಗೆ ಬಾ ಎಂದು ತಾಯಿ ಕರೆಯಲಿಲ್ಲ.

* * *

ಜೈಲು ಕೋರ್ಟಿನ ಬೆನ್ನಿಗಿದೆ. ಅರವತ್ತು ಜನಕ್ಕೆಂದು ಕಟ್ಟಿದ್ದು. ಈಗ ನೂರೈವತ್ತರ ಹತ್ತಿರ. ಮಂಚ ಸಿಗದವರಿಗೆ ದೋಣಿ. ತಿಳಿಹಸಿರು ಪ್ಲಾಸ್ಟಿಕ್ಕಿನ ಉದ್ದನೆಯ ತಟ್ಟೆ, ಸುತ್ತ ಎದ್ದ ಅಂಚು, ನಡುವೆ ಬೆರಳು ದಪ್ಪದ ಹಾಸಿಗೆ. ನೋಡಲು ಹಾಗಿರುವುದರಿಂದ ಎಲ್ಲರೂ ದೋಣಿ ಎನ್ನುತ್ತಾರೆ.

ದೋಣಿಗಳಿಗೊಂದು ಕ್ರಮವಿದೆ. ಹೊಸದಾಗಿ ಬಂದವನದು ಕಕ್ಕಸಿನ ಪಕ್ಕ. ಯಾರಾದರೂ ಬಿಡುಗಡೆಯಾದರೆ ಸಾಲಿಗೆ ಸಾಲೇ ಒಂದು ದೋಣಿಯಷ್ಟು ಮುಂದೆ ಸರಿಯುತ್ತದೆ. ಸರಿದು ಸರಿದು ಮೇಲಿನ ಮಂಚ, ಪುಣ್ಯವಿದ್ದರೆ ಕೆಳಗಿನ ಮಂಚ. ಇದನ್ನು ಯಾರು ಮಾಡಿದರೋ, ಯಾವ ನಿಯಮದಲ್ಲೂ ಬರೆದಿಲ್ಲ. ಆದರೆ ಕೊಲೆ ಮಾಡಿ ಬಂದವನೂ ಇದನ್ನು ಮೀರುವುದಿಲ್ಲ, ಕಾವಲಿನವರೂ ಮೀರಿಸುವುದಿಲ್ಲ. ಮೀರಿಸಿದರೆ ರಕ್ತ ಬೀಳುತ್ತದೆ. ಸಾಲು ತಪ್ಪಿಸಬಲ್ಲವನು ಡಾಕ್ಟರು ಒಬ್ಬನೇ. ಅವನು 'ಕೆಳಮಂಚ' ಎಂದರೆ ಯಾರೂ ಎದುರಾಡುವುದಿಲ್ಲ. ನಾಳೆ ತಮಗೂ ಬೇಕಾದೀತು.

ಹಾಗಾಗಿ ಗುರುವಾರ ಇಡೀ ಜೈಲಿಗೆ ಬೆನ್ನುನೋವು. ಕುಂಟುತ್ತ ಬರುತ್ತಾರೆ, ಬೇಡವೆಂದರೆ ನೆಟ್ಟಗೆ ನಡೆದು ಹೋಗುತ್ತಾರೆ. ಲೆಲ್ಯಾಂಡ್ ಹೆಚ್ಚು ಜನಕ್ಕೆ ಬರೆದುಕೊಡುವವನಲ್ಲ. ಅದನ್ನು ನ್ಯಾಯವೆಂದು ತಿಳಿದಿದ್ದ.

"ಡಾಕ್ಟ್ರೇ, ಮೊದಲು ಹಾಲಿಸ್ ಸಾಹೇಬರನ್ನ ನೋಡಿ" ಎಂದಳು ಡಾರ್ಲಾ, ಜೈಲಿನ ಉಸ್ತುವಾರಿಯವಳು. ಬೀಗದ ಕೈ ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದಿದ್ದಳು.

"ಸಾಲಿದೆಯಲ್ಲ."

"ಸಾಲು ಕಾಯಲಿ. ಅವರು ಕಕ್ಕಸಿನ ಪಕ್ಕ ಇದಾರೆ."

"ಒಂಟಿ ಕೋಣೆ?"

"ಒಂಟಿ ಕೋಣೇಲೇ ಮೂರು ಮೂರು ಜನ. ಎರಡು ಕೌಂಟಿ ಆಚೆಯ ಜೈಲನ್ನೂ ಕೇಳ್ದೆ. ನಮ್ಮೋರನ್ನೇ ನಿಮ್ಮ ಹತ್ರ ಕಳಿಸೋಣ ಅಂತಿದ್ವಿ ಅಂದ್ರು." ಅವಳು ದನಿ ಇಳಿಸಿದಳು. "ನನಗೆ ಕೆಲಸ ಕೊಟ್ಟೋರು ಅವರು. ಡ್ಯೂಟಿಗೆ ಬೂಟಿಲ್ಲ ಅಂದಾಗ ಬೂಟು ಕೊಡಿಸಿದೋರು. ಎಂಬತ್ತು ದಾಟಿದೆ, ಸೊಂಟದಲ್ಲಿ ಕಬ್ಬಿಣ ಇದೆ. ನೀವೊಂದು ಮಾತು ಹೇಳಿದ್ರೆ ಸಾಕು."

"ನೋಡ್ತೀನಿ."

ಜೈಲಿನಲ್ಲಿ ಅವನ 'ನೋಡ್ತೀನಿ'ಗೆ ಇಲ್ಲ ಎಂದು ಅರ್ಥ. ಅದು ಡಾರ್ಲಾಗೂ ಗೊತ್ತು. ಇವತ್ತು ಗೊತ್ತಿಲ್ಲದವಳ ಹಾಗೆ ತಲೆಯಾಡಿಸಿದಳು.

ಡಾಕ್ಟರ ಕೋಣೆಯನ್ನು ಎಂದೋ ಸೆಲ್ ಮಾಡಿಯಾಗಿತ್ತು. ಅವನು ರೋಗಿಗಳನ್ನು ನೋಡುವುದು ನೆಲ ಒರೆಸುವ ಸಾಮಾನು ಇಡುವ ಗೂಡಿನಲ್ಲಿ. ಯಾರ ಎದೆಗೆ ಕಿವಿಗೊಟ್ಟರೂ ಫಿನಾಯಿಲ್ ವಾಸನೆ. ಅಲ್ಲಿಗೆ ಹಾಲಿಸ್ ಮೇಬ್ರಿಯನ್ನು ಕೈಹಿಡಿದು ಕರೆತಂದು ಕೂರಿಸಿ ಡಾರ್ಲಾ ಹೊರಗೆ ನಿಂತಳು. ಕೈದಿಗಳ ಕಿತ್ತಳೆ ಬಣ್ಣದ ಷರಾಯಿ ಮೊಣಕಾಲಿನಿಂದ ಸ್ವಲ್ಪ ಕೆಳಗೇ ಮುಗಿದಿತ್ತು. ಮುದುಕನ ಬಲಗೈ ಮತ್ತೆ ಮತ್ತೆ ಸೊಂಟಕ್ಕೆ ಹೋಗಿ, ಅಲ್ಲಿಲ್ಲದ ಏನನ್ನೋ ತಡಕಿ, ಬರಿದೇ ವಾಪಸು ಬರುತ್ತಿತ್ತು.

"ಹೊಸಬನಾ ನೀನು?"

"ಹೌದು."

"ಎಷ್ಟು ಜನ ಇದಾರೆ ಇವತ್ತು?"

"ನೂರೈವತ್ತರ ಹತ್ರ."

"ಹಿಡಿಸುತ್ತೆ. ಹಿಡಿಸಲ್ಲ ಅಂತ ಯಾವನಾದ್ರೂ ಗೊಣಗಿದ್ರೆ ನನ್ನ ಹತ್ರ ಕಳಿಸು."

ಲೆಲ್ಯಾಂಡ್ ಅಂಗಿ ಎತ್ತಿ ಬೆನ್ನು ನೋಡಿದ. ಸೊಂಟದ ಹೊಲಿಗೆಯ ಗುರುತು, ಮೂಳೆಗೆ ಅಂಟಿದ ಚರ್ಮ, ಕಾಗದದಂಥ ಚರ್ಮ. ಈ ಚರ್ಮ ಆ ನೆಲದ ಮೇಲೆ ಎಲ್ಲಿ ಮೊದಲು ಒಡೆಯುತ್ತದೆ, ಒಡೆದ ಮೇಲೆ ಎಷ್ಟು ಬೇಗ ಕೊಳೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಎಷ್ಟೋ ವರ್ಷ ಈ ಮೈಯನ್ನು ಮನಸ್ಸಿನಲ್ಲೇ ಹೊಡೆದಿದ್ದ, ತುಳಿದಿದ್ದ. ಹಾಗೆ ಹೊಡೆಸಿಕೊಂಡ ಮೈ ದೊಡ್ಡದಾಗಿತ್ತು, ಅದಕ್ಕೆ ಕುತ್ತಿಗೆ ಇತ್ತು, ಅದು ತಿರುಗಿ ಬೀಳುತ್ತಿತ್ತು. ಇದು ಯಾರದೋ.

"ನಾನು ಯಾರು ಗೊತ್ತಾ?"

"ಹೊಸಬ ಅಂದೆಯಲ್ಲೋ."

"ಪ್ರೂವೆಟ್. ರಾಯ್ಸ್ ಪ್ರೂವೆಟ್ಟನ ತಮ್ಮ."

ಮುದುಕನ ಹುಬ್ಬು ಗಂಟಿಕ್ಕಿತು. ಲೆಲ್ಯಾಂಡ್ ಕಾದ. ಕಿವಿಗೆ ಸಿಕ್ಕಿಸಿಕೊಂಡಿದ್ದ ಸ್ಟೆತಾಸ್ಕೋಪಿನ ನಳಿಗೆಯಲ್ಲಿ ಮುದುಕನ ಎದೆ ನಿಧಾನವಾಗಿ ಬಡಿಯುತ್ತಿತ್ತು.

"ಓ, ರಾಯ್ಸ್!" ಮುದುಕನ ಮುಖ ಅರಳಿತು. "ಒಳ್ಳೆ ಹುಡುಗ ಕಣೋ. ಕುಡಿದಾಗ ಮಾತ್ರ ಕತ್ತೆ. ಬೆಳಿಗ್ಗೆ ನೋಡ್ದೆ ಅವನನ್ನ. ಸ್ವಲ್ಪ ಕೆಮ್ಮು ಅಷ್ಟೇ. ಅಮ್ಮನಿಗೆ ಹೇಳು, ಹೆದರೋದು ಬೇಡ. ನಾಳೆ ಬಿಡ್ತೀನಿ."

"ನಾಳೆ?"

"ನಾಳೆ. ನನ್ನ ಮಾತು."

ಲೆಲ್ಯಾಂಡ್ ಕಿವಿಯಿಂದ ನಳಿಗೆ ತೆಗೆದ. ಟಾರ್ಬೆಲ್ ಕೌಂಟಿಯಲ್ಲಿ ಖಾಲಿ ಜಾಗವೆಂಬುದು ಉಳಿದಿದ್ದರೆ ಅದು ಈ ತಲೆಯೊಳಗೆ. ಅಲ್ಲಿ ರಾಯ್ಸ್ ಕಾಲು ಚಾಚಿ ಮಲಗಿದ್ದ, ಕೆಮ್ಮುತ್ತಿದ್ದ, ನಾಳೆ ಮನೆಗೆ ಬರುವವನಿದ್ದ. ಕೊಂದವನು ತಪ್ಪಿಸಿಕೊಂಡಿದ್ದಷ್ಟೇ ಅಲ್ಲ, ಸತ್ತವನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದ. ಸೇಡು ತೀರಲು ಇಬ್ಬರು ಬೇಕು. ಇಲ್ಲಿದ್ದವನು ಲೆಲ್ಯಾಂಡ್ ಒಬ್ಬನೇ.

ಆದರೂ ಕೈ ಜೇಬಿನಿಂದ ಪೆನ್ನು ತೆಗೆಯಿತು. ಅದು ಡಾಕ್ಟರ ಕೈ; ಮನಸ್ಸನ್ನು ಕೇಳದೆ ಕೆಲಸ ಮಾಡುವ ಅಭ್ಯಾಸ ಅದಕ್ಕಿತ್ತು.

"ಬರೀಬೇಡಿ ಡಾಕ್ಟ್ರೇ, ಈಗಲೇ ಬೇಡ."

ಬಾಗಿಲಲ್ಲಿ ಬ್ರೆಂಟ್ ಸೈಕ್ಸ್ ನಿಂತಿದ್ದ, ಈಗಿನ ಶೆರಿಫ್. ಮುದುಕನ ಭುಜ ತಟ್ಟಿ, ಡಾರ್ಲಾ ಜೊತೆ ಆಚೆ ಕಳಿಸಿ, ಪೊರಕೆಗಳ ಪಕ್ಕ ಒರಗಿದ.

"ಮಧ್ಯಾಹ್ನ ಕೌಂಟಿಯ ದುಡ್ಡು ಕೈಲಿಟ್ಕೊಂಡಿರೋ ಕಮಿಷನರುಗಳು ಮೂವರೂ ಬರ್ತಿದಾರೆ. ಹೊಸ ಜೈಲಿಗೆ ತೆರಿಗೆ ಹಾಕೋದನ್ನ ಜನರ ಓಟಿಗೆ ಇಡಬೇಕೋ ಬೇಡವೋ ಅಂತ. ವರ್ಷಾ ವರ್ಷಾ ಕರ್ಕೊಂಬಂದು ತೋರಿಸ್ತೀನಿ. ಮೂಗು ಮುಚ್ಕೊಂಡು ಬರ್ತಾರೆ, ಮೂಗು ಮುಚ್ಕೊಂಡು ಹೋಗ್ತಾರೆ. ನೆಲದ ಮೇಲೆ ಮಲಗಿರೋ ಕಳ್ಳನ್ನ ನೋಡಿ ಯಾರ ಕರುಳು ಚುರ್ ಅನ್ನುತ್ತೆ ಹೇಳಿ? ಹಾಲಿಸ್‌ನ ನೋಡಿದ್ರೆ..." ಮುಗಿಸಲಿಲ್ಲ. ಮುಗಿಸುವಷ್ಟು ನಾಚಿಕೆ ಬಿಟ್ಟಿರಲಿಲ್ಲ. "ಅವರು ನೋಡಿ ಹೋಗ್ಲಿ. ಆಮೇಲೆ ಮಂಚ ಕೊಡಿ, ನನ್ನ ಆಫೀಸಿನ ಸೋಫಾ ಬೇಕಾದ್ರೂ ಕೊಡ್ತೀನಿ."

"ನಾನೇನು ಬರೆಯೋಕೆ ಹೊರಟಿದ್ದೆ ಅಂತ ನಿಮಗೇನು ಗೊತ್ತು?"

"ಯಾವ ಡಾಕ್ಟ್ರಾದ್ರೂ ಅದನ್ನೇ ಬರೀತಾರಲ್ಲ." ಬ್ರೆಂಟ್ ನಕ್ಕ. "ನಾನೂರು ಮಂಚ, ಡಾಕ್ಟ್ರೇ. ನಿಮಗೊಂದು ಸರಿಯಾದ ಕೋಣೆ. ಕಿಟಕಿ ಇರೋದು."

ಲೆಲ್ಯಾಂಡ್ ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಬ್ರೆಂಟ್ ಅದನ್ನು ಉಪಕಾರವೆಂದು ತಿಳಿದು ಕೈಕುಲುಕಿದ. ಮೂವತ್ತೈದು ವರ್ಷ ಯಾರಿಗೂ ತೋರಿಸದೆ ಕಾಪಾಡಿಕೊಂಡು ಬಂದ ದ್ವೇಷ ಕೌಂಟಿಯ ಕೆಲಸಕ್ಕೆ ಇಷ್ಟು ಸಲೀಸಾಗಿ ಒದಗಿ ಬಂದದ್ದು ಅವನಿಗೆ ಅವಮಾನವೆನಿಸಿತು.

* * *

ಕಾರಿನಲ್ಲಿ ಕೂತು ಸ್ಯಾಂಡ್‌ವಿಚ್ ಬಿಚ್ಚುವಾಗ ತಾಯಿಯ ಫೋನು ಬಂತು.

"ಮಲಗಿದನಾ?"

"ಕೂತಿದಾನೆ."

"ಕೂರಿಸ್ತೀನಿ ಅಂತ ಮಾತು ಕೊಟ್ಟಿರಲಿಲ್ಲ ನೀನು."

"ಅಮ್ಮ, ಅವನಿಗೆ ಏನೂ ಗೊತ್ತಾಗ್ತಿಲ್ಲ."

"ರಾಯ್ಸ್‌ಗೆ ಗೊತ್ತಾಗಿತ್ತು."

ಅವನು ಹೇಳಬಾರದೆಂದುಕೊಂಡಿದ್ದನ್ನು ಹೇಳಿದ. "ರಾಯ್ಸ್‌ನ ನಾಳೆ ಬಿಡ್ತೀನಿ ಅಂದ. ಅಮ್ಮನಿಗೆ ಹೇಳು, ಹೆದರೋದು ಬೇಡ ಅಂದ."

ಆ ಕಡೆಯಿಂದ ರೇಡಿಯೊದ ಗೊರಗೊರ ಮಾತ್ರ ಕೇಳುತ್ತಿತ್ತು. ಯಾರೋ ಯಾವುದೋ ಸೇತುವೆಯ ಹತ್ತಿರ ಟ್ರಕ್ಕು ಕೆಟ್ಟು ನಿಂತಿದೆ ಎನ್ನುತ್ತಿದ್ದರು. ಒಂದು ಕ್ಷಣ ತಾಯಿ ನಿಜವಾಗಿಯೂ ಲೆಕ್ಕ ಹಾಕುತ್ತಿದ್ದಾಳೆ ಎನಿಸಿತು—ನಾಳೆ ಎಂದರೆ ಶುಕ್ರವಾರ, ಹಾಸಿಗೆ ಹಾಸಬೇಕು, ಅವನಿಗಿಷ್ಟದ ಜೋಳದ ರೊಟ್ಟಿ ಸುಡಬೇಕು.

"ಮಲಗಿಸಿ ಬಾ" ಎಂದು ಫೋನಿಟ್ಟಳು.

ಸ್ಯಾಂಡ್‌ವಿಚ್ಚನ್ನು ಅವನು ಪೂರ್ತಿ ತಿಂದ. ಹಸಿವಿತ್ತು. ಅದು ಅವನಿಗೆ ಸ್ವಲ್ಪ ಆಶ್ಚರ್ಯವೆನಿಸಿತು.

* * *

ಕಮಿಷನರುಗಳು ಬಂದರು. ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಬ್ರೆಂಟ್ ಅವರನ್ನು ಸೋರುವ ಕೊಳವೆ, ಬೂಸಲು ಹಿಡಿದ ಗೋಡೆ ಎಲ್ಲ ತೋರಿಸಿ, ಕೊನೆಗೆ ಏನೂ ಗೊತ್ತಿಲ್ಲದವನ ಹಾಗೆ ದೊಡ್ಡ ಕೋಣೆಯ ಮುಂದೆ ತಂದು ನಿಲ್ಲಿಸಿದ. ಲೆಲ್ಯಾಂಡ್ ಡಾರ್ಲಾಳ ಪಕ್ಕ ನಿಂತ. ಒಳಗೆ ಒಂದು ಹೆಜ್ಜೆಯಿಡಲೂ ತೆರಪಿಲ್ಲದ ಹಾಗೆ ದೋಣಿಗಳು. ಕೊನೆಯದರಲ್ಲಿ, ಬಾಗಿಲಿಲ್ಲದ ಸ್ಟೀಲಿನ ಕಕ್ಕಸಿನ ಬುಡದಲ್ಲಿ, ಮಂಡಿ ಮಡಚಿ ಕೂತ ಮುದುಕ.

"ಹಾಲಿಸ್?" ಎಂದಳು ಹೆಂಗಸು. "ಅಯ್ಯೋ ದೇವರೇ. ಹಾಲಿಸ್!"

"ಗ್ಲೆಂಡಾ! ನಿನ್ನ ಗಂಡನ ಹಂದಿಗಳು ಮತ್ತೆ ರಸ್ತೆಗೆ ಬಂದಿದ್ವು ನೋಡು."

ಕೋಣೆ ಗೊಳ್ಳೆಂದಿತು. "ಹಂದಿಗಳನ್ನೂ ಇಲ್ಲಿಗೇ ಕಳಿಸಮ್ಮ, ಇನ್ನೆರಡು ಹಿಡಿಸ್ತಾವೆ!" ಎಂದು ಯಾರೋ ಕೂಗಿದ.

ಮುದುಕ ಕೈಯೆತ್ತಿದ. ಅಭ್ಯಾಸದ ಕೈ. ಕೋಣೆ ಸುಮ್ಮನಾಯಿತು.

"ಜಾಗ ಸಾಲದು ಅಂತ ಅಳೋಕೆ ಕರ್ಕೊಂಬಂದಿದಾನಾ ನಿಮ್ಮನ್ನ? ಕೇಳ್ಬೇಡಿ. ಇಕ್ಕಟ್ಟಾದಷ್ಟೂ ಒಳ್ಳೇದು. ಕಾಲು ಚಾಚೋಕೆ ಜಾಗ ಕೊಟ್ರೆ ಯಾವನಯ್ಯ ಮನೆಗೆ ಹೋಗ್ತಾನೆ? ಒಂದ್ ಇಟ್ಟಿಗೇನೂ ಇಡಬೇಡಿ."

ಪ್ರತಿ ಚುನಾವಣೆಯಲ್ಲೂ ಆಡುತ್ತಿದ್ದ ಮಾತು, ಅಕ್ಷರ ಬಿಡದೆ. ಆಗೆಲ್ಲ ಇದೇ ಗ್ಲೆಂಡಾ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಈಗ ಮೂಗು ಒರೆಸಿಕೊಂಡಳು. ಇನ್ನೊಬ್ಬ ಕಮಿಷನರು ಟೋಪಿ ತೆಗೆದ. ಮೂರನೆಯವನು, ಜೀವಮಾನದಲ್ಲಿ ಯಾವ ತೆರಿಗೆಗೂ ಕೈಯೆತ್ತದವನು, ತನ್ನ ಬೂಟನ್ನೇ ನೋಡುತ್ತ "ಇಡೋಣ. ಓಟಿಗೆ ಇಡೋಣ" ಎಂದ.

ರಾಯ್ಸ್ ಸತ್ತು ಆಗದಿದ್ದದ್ದು ಮೇಬ್ರಿ ಸುಮ್ಮನೆ ಕೂತು ಆಗಿತ್ತು.

ಅವರು ಹೊರಟರು. ಬ್ರೆಂಟ್ ಅವರ ಹಿಂದೆ ಹೋಗುತ್ತ ತಿರುಗಿ, ಇನ್ನು ನಿಮ್ಮಿಷ್ಟ ಎಂಬಂತೆ ಲೆಲ್ಯಾಂಡನಿಗೆ ಕಣ್ಣು ಹೊಡೆದ.

"ಈಗ ಹೇಳಿ ಡಾಕ್ಟ್ರೇ" ಎಂದಳು ಡಾರ್ಲಾ, ಬಾಗಿಲು ತೆಗೆಯುತ್ತ.

ಅವನು ಬಾಯಿ ತೆರೆಯುವ ಮೊದಲೇ ಮೂಲೆಯ ಕೆಳಮಂಚದಿಂದ ಡೆಲ್ಬರ್ಟ್ ಎದ್ದು ಬಂದ. ಕಳ್ಳ ಚೆಕ್ಕು ಬರೆಯುವವನು; ಅವನ ಕಾಲಿನ ಹುಣ್ಣು ನೋಡಿ ಲೆಲ್ಯಾಂಡನೇ ಹಿಂದೊಮ್ಮೆ ಮಂಚ ಕೊಡಿಸಿದ್ದ.

"ನಂದು ಕೊಡ್ರಿ ಅಜ್ಜನಿಗೆ. ನನ್ನ ಕಾಲು ವಾಸಿಯಾಗಿದೆ. ನಾನು ದೋಣೀಲಿ ಬಿದ್ಕೋತೀನಿ."

"ಓಹೋ, ಸಂತ ಡೆಲ್ಬರ್ಟ್ ಸ್ವಾಮಿಗಳು!" ಎಂದ ಒಬ್ಬ, ದೋಣಿಯಿಂದಲೇ.

"ಬಾಯ್ಮುಚ್ಚೋ. ನನ್ನನ್ನ ಎರಡು ಸಲ ಒಳಗೆ ಹಾಕಿದ್ದೇ ಈ ಮುದುಕ. ಒಂದ್ಸಲ ಕಪಾಳಕ್ಕೂ ಬಿಟ್ಟಿದ್ದ." ಡೆಲ್ಬರ್ಟ್ ಲೆಲ್ಯಾಂಡನ ಕಡೆ ತಿರುಗಿದ. "ಆದ್ರೂ ಮುದುಕ ಅಲ್ವಾ ಡಾಕ್ಟ್ರೇ. ಅಲ್ಲಿ ಮಲಗಿಸಿದ್ರೆ ಜನ ಅವನನ್ನ ದಾಟ್ಕೊಂಡೇ ಹೋಗಬೇಕು ಉಚ್ಚೆಗೆ."

ಕೋಣೆಗೆ ಕೋಣೆಯೇ ಲೆಲ್ಯಾಂಡನನ್ನು ನೋಡುತ್ತಿತ್ತು. ಸಾಲಿನ ನೆಪವಿರಲಿಲ್ಲ, ಬ್ರೆಂಟನ ನೆಪವಿರಲಿಲ್ಲ. ಮಂಚ ಇತ್ತು. ಜಾಗ ಇತ್ತು. ಮಧ್ಯೆ ಉಳಿದಿದ್ದದ್ದು ಅವನೊಬ್ಬ.

ಇಂಥ ಗಳಿಗೆಯಲ್ಲಿ ಮೈ ಬಿಸಿಯಾಗುತ್ತದೆ ಎಂದು ಅವನು ಕಲ್ಪಿಸಿಕೊಂಡಿದ್ದ. ಏನೂ ಆಗಲಿಲ್ಲ.

"ಅವರ ಸೊಂಟ ಚೆನ್ನಾಗೇ ಇದೆ" ಎಂದ. "ಅಗತ್ಯ ಇಲ್ಲ."

"ಏನಂದ್ರಿ?" ಡಾರ್ಲಾ.

"ಮಂಚದ ಅಗತ್ಯ ಇಲ್ಲ ಅಂದೆ."

ಡೆಲ್ಬರ್ಟ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಾನು ಕಳ್ಳ ಡಾಕ್ಟ್ರೇ, ಊರಿಗೇ ಗೊತ್ತು. ನಿಮಗೇನು ಬಂದಿದೆ ರೋಗ?" ಉತ್ತರಕ್ಕೆ ಕಾಯದೆ ತನ್ನ ಮಂಚಕ್ಕೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಉಳಿದವರೂ ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಡಾಕ್ಟರ ಮಾತಿಗೆ ಯಾರೂ ಎದುರಾಡುವಂತಿಲ್ಲ.

"ಮಲಗೋ ಹೊತ್ತು ಅವರಿಗೆ, ಮಧ್ಯಾಹ್ನ ಮಲಗ್ತಾರೆ" ಎಂದಳು ಡಾರ್ಲಾ. ಅವಳು ಲೆಲ್ಯಾಂಡನ ಮುಖ ನೋಡುತ್ತಿರಲಿಲ್ಲ. "ನನ್ನ ಕೈಲಾಗಲ್ಲ. ನೀವೇ ಮಲಗಿಸಿ."

ಲೆಲ್ಯಾಂಡ್ ದೋಣಿಗಳನ್ನು ದಾಟುತ್ತ ಒಳಗೆ ಹೋದ. ಬಗ್ಗಿದ. ಒಂದು ಕೈಯನ್ನು ಮುದುಕನ ಕುತ್ತಿಗೆಯ ಹಿಂದೆ, ಇನ್ನೊಂದನ್ನು ಮಂಡಿಗಳ ಕೆಳಗೆ ಇಟ್ಟ. ಮುದುಕ ಅವನ ಕೊರಳು ತಬ್ಬಿಕೊಂಡ. ಏನೂ ಭಾರವಿರಲಿಲ್ಲ. ತಲೆ ತಗುಲದಂತೆ, ಸೊಂಟ ನೋಯದಂತೆ, ಕಲಿತ ವಿದ್ಯೆಯನ್ನೆಲ್ಲ ಬಳಸಿ ಅವನು ಹಾಲಿಸ್ ಮೇಬ್ರಿಯನ್ನು ಮಲಗಿಸಿದ.

ಮುದುಕ ಎರಡೂ ಕಡೆಯ ಅಂಚು ಹಿಡಿದುಕೊಂಡು ಸೂರು ನೋಡಿದ. ಮುಖದ ಸುಕ್ಕುಗಳು ಸಡಿಲವಾದವು.

"ನೀರು ತಣ್ಣಗಿದೆ" ಎಂದ. "ಮೀನು ಕಚ್ಚೋ ಹೊತ್ತು. ತಳ್ಳು ಮಗಾ. ದಡ ಬಿಡ್ತಾ ಇಲ್ಲ."

ಲೆಲ್ಯಾಂಡ್ ನಿಂತಿದ್ದ.

"ತಳ್ಳೋ."

ಅವನು ಬೂಟಿನ ತುದಿಯಿಂದ ತಳ್ಳಿದ. ಪ್ಲಾಸ್ಟಿಕ್ಕು ಸಿಮೆಂಟಿನ ಮೇಲೆ ಕರಕರನೆ ಉಜ್ಜಿ, ನಾಲ್ಕು ಬೆರಳು ಜರುಗಿ, ಕಕ್ಕಸಿನ ಬುಡಕ್ಕೆ ತಗುಲಿ ನಿಂತಿತು. ಮುದುಕ ಕಣ್ಣು ಮುಚ್ಚಿ, ಹೊರಟವರ ಹಾಗೆ ನಕ್ಕ.

"ಇನ್ನೂ ಸ್ವಲ್ಪ" ಎಂದ.

ಲೆಲ್ಯಾಂಡ್ ಮತ್ತೆ ತಳ್ಳಿದ. ಅದು ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದ.

ತಾಯಿಗೆ ಕೊಟ್ಟ ಮಾತನ್ನು ಅವನು ನಡೆಸಿದ್ದ.